ಓವರ್‌ಕ್ಲಾಕ್ ಕೈಕೊಟ್ಟರೆ: ತಪ್ಪು ಸೆಟ್ಟಿಂಗಿನದೋ, ಕರೆಂಟಿನದೋ, ಸೆಕೆಯದೋ?

ಡಿಸೆಂಬರ್‌ನಲ್ಲಿ ರಾತ್ರಿಯಿಡೀ ಟೆಸ್ಟ್ ಮಾಡಿ ಗಟ್ಟಿ ಅಂದುಕೊಂಡ ಸೆಟ್ಟಿಂಗ್ ಏಪ್ರಿಲ್‌ನ ಮಧ್ಯಾಹ್ನ ಎರಡು ಗಂಟೆಗೆ ಕೈಕೊಡುತ್ತದೆ. ಕಾಸರಗೋಡು ಕಡೆಯ ಬದಿಯಡ್ಕದ ಹತ್ತಿರ ಹಂಚಿನ ಮನೆಯ ಉಪ್ಪರಿಗೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡ ನನಗೆ ಇದು ವರ್ಷ ವರ್ಷದ ಪಾಡು. ನಾನು ಯಕ್ಷಗಾನದ ವಿಡಿಯೋ ಎಡಿಟ್ ಮಾಡುತ್ತೇನೆ. ಬೆಳಗಿನವರೆಗೆ ನಡೆದ ಆಟ ರೆಂಡರ್ ಆಗಬೇಕಾದರೆ, ಅಂದರೆ ಎಡಿಟ್ ಮಾಡಿದ್ದು ಪೂರ್ತಿ ವಿಡಿಯೋ ಆಗಿ ಹೊರಬರಬೇಕಾದರೆ, ಸಿಪಿಯು ಕೂಡ ಬೆಳಗಿನವರೆಗೆ ಕುಣಿಯಬೇಕು. ವೇಗದ ಆಸೆಗೆ ಓವರ್‌ಕ್ಲಾಕ್ ಮಾಡಿದೆ, ಅಂದರೆ ಸಿಪಿಯುವನ್ನು ಕಂಪನಿ ಇಟ್ಟ ವೇಗಕ್ಕಿಂತ ಮೇಲೆ ಓಡಿಸಿದೆ. ಸೆಕೆ ತಡೆಯಲಾರದೆ ಅಂಡರ್‌ವೋಲ್ಟ್ ಮಾಡಿದೆ, ಅಂದರೆ ಅದಕ್ಕೆ ಕೊಡುವ ವೋಲ್ಟೇಜ್ ಇಳಿಸಿದೆ. ಎರಡರಿಂದಲೂ ಪೆಟ್ಟು ತಿಂದೆ.

ಎರಡರ ಲೆಕ್ಕವೂ ಒಂದೇ. ಸಿಪಿಯು ತಿನ್ನುವ ಕರೆಂಟು ಅದರ ವೇಗದ ಜೊತೆ ಏರುತ್ತದೆ, ವೋಲ್ಟೇಜ್‌ನ ವರ್ಗದ ಜೊತೆ ಏರುತ್ತದೆ. ವೇಗ ಹಾಗೇ ಇಟ್ಟು 1.35 ವೋಲ್ಟನ್ನು 1.25ಕ್ಕೆ ಇಳಿಸಿದರೆ ಆ ಬಾಬತ್ತಿನಲ್ಲಿ ಶೇ 14ರಷ್ಟು ಉಳಿಯುತ್ತದೆ. ಹಾಗಂತ ಇಳಿಸುತ್ತಾ ಹೋದರೆ ಒಂದು ಹಂತದಲ್ಲಿ ಸಿಪಿಯು ಲೆಕ್ಕ ತಪ್ಪುತ್ತದೆ. ವೋಲ್ಟೇಜ್ ಮುಟ್ಟದೆ ವೇಗ ಏರಿಸುತ್ತಾ ಹೋದರೂ ಅದೇ ಗತಿ.

ಕಂಪ್ಯೂಟರ್ ಬಂದ್ ಬಿದ್ದ ಕೂಡಲೇ ಎಲ್ಲರೂ ಸೆಟ್ಟಿಂಗನ್ನು ಬೈಯುತ್ತಾರೆ. ನನ್ನ ನೋಟ್‌ಬುಕ್ ತೆಗೆದು ನೋಡಿದರೆ ಹಲವು ಸಲ ಕಳ್ಳ ಬೇರೆಯೇ. ತೋಟದ ಪಂಪು, ಇನ್ವರ್ಟರ್, ಫ್ಯಾನಿಗೆ ಕೂತ ಧೂಳು, ಹೀಗೆ.

ಯಾವ ಲಕ್ಷಣವೇ ಇರಲಿ, ಮೊದಲು ಇದು

ಬಯಾಸ್‌ಗೆ ಹೋಗಿ (ವಿಂಡೋಸ್ ಏಳುವ ಮುಂಚಿನ ಸೆಟ್ಟಿಂಗ್ ಪುಟ; ಆದರೆ ಮೊದಲು ಕೆಳಗಿನ ಬಿಟ್‌ಲಾಕರ್ ಮಾತು ಓದಿ). ಈಗಿರುವ ಸೆಟ್ಟಿಂಗ್‌ಗಳ ಫೋಟೋ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಆಮೇಲೆ 'ಲೋಡ್ ಆಪ್ಟಿಮೈಸ್ಡ್ ಡಿಫಾಲ್ಟ್ಸ್' ಕೊಡಿ. ವಿಂಡೋಸ್ ಒಳಗೆ ರೈಜನ್ ಮಾಸ್ಟರ್, ಎಕ್ಸ್‌ಟಿಯು, ಥ್ರಾಟಲ್‌ಸ್ಟಾಪ್ ತರದ ಸೆಟ್ಟಿಂಗ್ ಬದಲಿಸುವ ಪ್ರೋಗ್ರಾಂ ಇದ್ದರೆ ಅದನ್ನೂ ನಿಲ್ಲಿಸಿ. ಇಲ್ಲದಿದ್ದರೆ ಬಯಾಸ್‌ನಲ್ಲಿ ನೀವು ಅಳಿಸಿದ್ದನ್ನು ಅದು ಸದ್ದಿಲ್ಲದೆ ಮತ್ತೆ ಬರೆಯುತ್ತದೆ.

ಈಗ ಡಿಫಾಲ್ಟ್‌ನಲ್ಲೇ ಬಳಸಿ. ತೊಂದರೆ ಎರಡು ದಿನಕ್ಕೊಮ್ಮೆ ಬರುತ್ತಿದ್ದರೆ ಒಂದು ವಾರ ಕಾಯಿರಿ. ಹತ್ತು ನಿಮಿಷ ನೋಡಿ ತೀರ್ಪು ಕೊಡಬೇಡಿ. ಡಿಫಾಲ್ಟ್‌ನಲ್ಲೂ ಬಂತಾ? ಹಾಗಾದರೆ ಬಹಳ ಮಟ್ಟಿಗೆ ಓವರ್‌ಕ್ಲಾಕ್ ನಿರಪರಾಧಿ, ಬೇರೆ ಕಡೆ ಹುಡುಕಿ. ಬರಲಿಲ್ಲವಾ? ಮೊದಲು ರ‍್ಯಾಮ್‌ನ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ರ‍್ಯಾಮನ್ನು ಅದರ ಜಾಹೀರಾತಿನ ವೇಗಕ್ಕೆ ಏರಿಸುವ ಸೆಟ್ಟಿಂಗ್) ಮಾತ್ರ ಆನ್ ಮಾಡಿ ಮತ್ತೆ ನೋಡಿ. ಅದೂ ಒಂದು ಓವರ್‌ಕ್ಲಾಕೇ, ಜನ ಮರೆತುಬಿಡುತ್ತಾರೆ. ಸಿಪಿಯು ಸೆಟ್ಟಿಂಗ್ ಕೊನೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದನ್ನೂ ಬರೆದಿಡಿ. ಮೊಬೈಲ್‌ನಲ್ಲಿ ಬರೆದರೂ ನಡೆಯುತ್ತದೆ, ಆದರೆ ನನಗೆ ಪುಸ್ತಕವೇ ಸರಿ.

ಬಯಾಸ್ ಮುಟ್ಟುವ ಮುಂಚೆ ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಆನ್ ಇದೆಯಾ ನೋಡಿ. ಇದ್ದರೆ ರಿಕವರಿ ಕೀ ಕಾಗದದಲ್ಲಿ ಬರೆದಿಟ್ಟು ಮುಂದುವರಿಯಿರಿ. ಸೆಟ್ಟಿಂಗ್ ಅಳಿಸಿದ ಮೇಲೆ ವಿಂಡೋಸ್ ಅದನ್ನು ಕೇಳಿದರೆ, ಕೀ ಇಲ್ಲದವನ ಫೈಲು ಅಲ್ಲಿಗೆ ಮುಗಿಯಿತು.

ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು

ಹೆದರಬೇಡಿ. ಸೆಟ್ಟಿಂಗ್ ಜಾಸ್ತಿ ಆದಾಗ ಎಲ್ಲರಿಗೂ ಬರುವ ಲಕ್ಷಣ ಇದು.

ಮೊದಲು ಸುಮ್ನೆ ಕಾಯಿರಿ. ಡಿಡಿಆರ್5 ರ‍್ಯಾಮ್ ಇರುವ ಮದರ್‌ಬೋರ್ಡು ಸೆಟ್ಟಿಂಗ್ ಬದಲಿಸಿದ ಮೇಲೆ ಮೊದಲ ಸಲ ರ‍್ಯಾಮನ್ನು ಪಳಗಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ಅವಸರ ಮಾಡಿ ಸ್ವಿಚ್ ಆರಿಸಿದರೆ ಮತ್ತೆ ಮೊದಲಿನಿಂದ ಶುರು. ಹತ್ತು ನಿಮಿಷ ಕಳೆದರೂ ಏನೂ ಇಲ್ಲ ಅಂದರೆ ಮಾತ್ರ ಆಫ್ ಮಾಡಿ. ಹಲವು ಬೋರ್ಡುಗಳು ಮೂರು ನಾಲ್ಕು ಸಲ ಬೂಟ್ ತಪ್ಪಿದ ಮೇಲೆ ತಾವಾಗಿ ಹಳೆ ಸೆಟ್ಟಿಂಗ್‌ಗೆ ಮರಳುತ್ತವೆ.

ಬೋರ್ಡಿನ ಮೂಲೆಯಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ನಾಲ್ಕು ಚಿಕ್ಕ ದೀಪ ಇದ್ದರೆ ಯಾವುದು ಉರಿದು ನಿಂತಿದೆ ನೋಡಿ. ಡಿರ‍್ಯಾಮ್ ಉರಿದರೆ ಒಂದೇ ರ‍್ಯಾಮ್ ಹಾಕಿ ನೋಡಿ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಸಾಮಾನ್ಯವಾಗಿ ಸಿಪಿಯುವಿನಿಂದ ಎರಡನೆಯ ಸ್ಲಾಟ್.

ಅದಕ್ಕೂ ಬಗ್ಗದಿದ್ದರೆ ಸಿಮಾಸ್ ಕ್ಲಿಯರ್, ಅಂದರೆ ಬೋರ್ಡು ನೆನಪಿಟ್ಟ ಬಯಾಸ್ ಸೆಟ್ಟಿಂಗನ್ನೆಲ್ಲ ಅಳಿಸುವುದು. ಗೋಡೆಯಿಂದ ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟು ಖಾಲಿ ಮಾಡಿ. ಬೋರ್ಡಿನ ಪುಸ್ತಕ ನೋಡಿ ಸಿಮಾಸ್ ಕ್ಲಿಯರ್ ಮಾಡುವ ಎರಡು ಪಿನ್ನು ಯಾವುದು ಎಂದು ಖಾತ್ರಿ ಮಾಡಿಕೊಂಡು, ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡ್ ಸೇರಿಸಿ ಹಿಡಿಯಿರಿ. ಪಿನ್ನು ಸಿಗದಿದ್ದರೆ ನಾಣ್ಯದಂಥ ಸಿಆರ್2032 ಬ್ಯಾಟರಿ ತೆಗೆದು ಐದು ಹತ್ತು ನಿಮಿಷ ಬಿಟ್ಟು ಹಾಕಿ. ಐದಾರು ವರ್ಷದ ಬ್ಯಾಟರಿಯಾದರೆ ಹೊಸದೇ ಹಾಕಿ, ವಾಚ್ ಅಂಗಡಿಯಲ್ಲೂ ಸಿಗುತ್ತದೆ.

ಇಷ್ಟರಲ್ಲಿ ಜೀವ ಬಾರದಿದ್ದರೆ ನಿಲ್ಲಿಸಿ. ಮುಂದಿನ ಹೆಜ್ಜೆ ಕೂಲರ್ ಬಿಚ್ಚುವುದು, ಅಲ್ಲಿ ನಾನು ಮಾಡಿದ ಎಡವಟ್ಟು ಹೇಳುತ್ತೇನೆ. ನನ್ನದು ಎಎಂ4 ಬೋರ್ಡು, ಪಿನ್ನುಗಳು ಸಿಪಿಯುವಿನ ಹೊಟ್ಟೆಯಲ್ಲೇ ಇರುತ್ತವೆ. ಕೂಲರ್, ಸಿಪಿಯು ನಡುವೆ ಬಿಸಿ ದಾಟಿಸಲು ಹಚ್ಚುವ ಪೇಸ್ಟ್ ಒಣಗಿ ಅಂಟಾಗಿತ್ತು. ನೇರ ಮೇಲಕ್ಕೆ ಎಳೆದೆ. 'ಟಪ್' ಅಂತ ಸದ್ದು. ಕೂಲರ್ ಜೊತೆಗೆ ಸಿಪಿಯುವೂ ಸಾಕೆಟ್ಟಿನಿಂದ ಕಿತ್ತು ಬಂತು, ಮೂಲೆಯ ಎರಡು ಪಿನ್ನು ಓರೆ. ಕಡ್ಡಿ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್ಲಿನ ತುದಿಯನ್ನು ಪಿನ್ನಿಗೆ ತೊಡಿಸಿ, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟು ಕೂದಲೆಳೆಯಷ್ಟು ನೆಟ್ಟಗೆ ಮಾಡಿದೆ. ಸರಿಹೋಯಿತು. ಒಂದು ಪಿನ್ನು ಮುರಿದಿದ್ದರೂ ಸಿಪಿಯುವೇ ಹೋಗಬಹುದಿತ್ತು. ಕಂಪ್ಯೂಟರ್ ಓಡುವ ಸ್ಥಿತಿಯಲ್ಲಿದ್ದರೆ ಅರ್ಧ ಗಂಟೆ ದುಡಿಸಿ ಪೇಸ್ಟ್ ಬಿಸಿ ಮಾಡಿ, ಆಮೇಲೆ ಆಫ್ ಮಾಡಿ ಕೂಲರನ್ನು ಅತ್ತಿತ್ತ ತಿರುಚುತ್ತಾ ಬಿಡಿಸಬೇಕು. ಎಳೆಯಬಾರದು. ಇಂಟೆಲ್ ಮತ್ತು ಎಎಂ5 ಬೋರ್ಡುಗಳಲ್ಲಿ ಪಿನ್ನು ಸಾಕೆಟ್ಟಿನಲ್ಲಿರುತ್ತದೆ. ಅಲ್ಲಿ ಬೆರಳು ತಗಲಿದರೂ ಕಷ್ಟ.

ಕೆಲಸ ಮಾಡುವಾಗ ಏನಿಲ್ಲ, ಸುಮ್ನೆ ಇದ್ದಾಗ ರೀಸ್ಟಾರ್ಟ್

ಇದು ಅಂಡರ್‌ವೋಲ್ಟಿನ ಹೆಗ್ಗುರುತು. ನನಗೆ ಮೊದಲ ಸಲ ಬಂದಾಗ ಮೂರು ವಾರ ತಲೆಬುಡ ಗೊತ್ತಾಗಲಿಲ್ಲ.

ನನ್ನದು ಎಎಂಡಿ ಕಂಪನಿಯ ರೈಜನ್ ಸಿಪಿಯು, ಒಳಗೆ ಆರು ಕೋರ್, ಅಂದರೆ ಲೆಕ್ಕ ಮಾಡುವ ಆರು ಘಟಕ. ಕರ್ವ್ ಆಪ್ಟಿಮೈಸರಿನಲ್ಲಿ (ಕೋರ್ ಕೋರಿಗೂ ವೋಲ್ಟೇಜ್ ಇಳಿಸುವ ಬಯಾಸ್ ಸೆಟ್ಟಿಂಗ್) ಎಲ್ಲ ಕೋರ್‌ಗೂ ಮೈನಸ್ 30 ಕೊಟ್ಟಿದ್ದೆ. ಒಂದೊಂದು ಅಂಕಿಗೆ ಸುಮಾರು 3ರಿಂದ 5 ಮಿಲಿವೋಲ್ಟ್ ಇಳಿಯುತ್ತದೆ. ಸಿಪಿಯುವಿನ ವೇಗ ಅಳೆಯುವ ಸಿನೆಬೆಂಚ್ ಅರ್ಧ ಗಂಟೆ ಓಡಿತು, ರಾತ್ರಿಯಿಡೀ ರೆಂಡರ್ ಓಡಿತು, ಬಿಸಿ ಹತ್ತು ಡಿಗ್ರಿ ಕಡಿಮೆ. ಖುಷಿಯೋ ಖುಷಿ. ಆದರೆ ಬೆಳಗ್ಗೆ ಕಾಪಿ ಕುಡಿಯುತ್ತಾ ಪೇಪರ್ ಓದುವಾಗ, ಒಂದು ಟ್ಯಾಬ್ ತೆರೆದ ಮಾತ್ರಕ್ಕೆ, ಪರದೆ ಕಪ್ಪಾಗಿ ರೀಸ್ಟಾರ್ಟ್. ನೀಲಿ ಪರದೆಯೂ ಇಲ್ಲ.

ಕಾರಣ ಹೀಗೆ. ಎಲ್ಲ ಕೋರ್ ದುಡಿಯುವಾಗ ಸಿಪಿಯು ಹದವಾದ ವೇಗದಲ್ಲಿರುತ್ತದೆ. ಹಗುರ ಕೆಲಸದಲ್ಲಿ ಒಂದೇ ಕೋರ್ ಸರ್ರನೆ ಅತಿ ಮೇಲಿನ ವೇಗಕ್ಕೆ ಹಾರುತ್ತದೆ. ಆ ಕ್ಷಣಕ್ಕೆ ಬೇಕಾದ ವೋಲ್ಟೇಜ್ ಜಾಸ್ತಿ, ನಾವು ಕೊಯ್ದಿಟ್ಟದ್ದೂ ಅದನ್ನೇ. ಹಾಗಾಗಿ ಎಲ್ಲ ಕೋರ್ ಒಟ್ಟಿಗೆ ಓಡಿಸುವ ಟೆಸ್ಟ್ ಪಾಸಾದರೆ ಅಂಡರ್‌ವೋಲ್ಟ್ ಗಟ್ಟಿ ಅಂತ ಅರ್ಥವೇ ಅಲ್ಲ.

ವಿಂಡೋಸಿನ ಈವೆಂಟ್ ವ್ಯೂವರ್ ತೆರೆದು 'ಸಿಸ್ಟಮ್' ಲಾಗ್ ನೋಡಿ. ಕರ್ನಲ್ ಪವರ್ 41 ಅಂತ ಕಂಡರೆ ಅದಕ್ಕೆ ಬೆಲೆ ಕೊಡಬೇಡಿ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ ಅದು ಹೇಳುತ್ತದೆ, ಅದು ನಿಮಗೂ ಗೊತ್ತು. ಬೇಕಾದದ್ದು 'ವಿಯಾ ಲಾಗರ್' (WHEA-Logger), ಹಾರ್ಡ್‌ವೇರ್ ತಪ್ಪುಗಳ ದಾಖಲೆ. ಅದರಲ್ಲಿ 18 ಅಂದರೆ ಕಂಪ್ಯೂಟರನ್ನು ಬೀಳಿಸಿದ ತಪ್ಪು, 19 ಅಂದರೆ ಆಗಿ ತಾನೇ ಸರಿಮಾಡಿಕೊಂಡ ತಪ್ಪು. 19 ಕಾಣುತ್ತಿದ್ದರೆ 18 ಬರುವ ದಿನ ದೂರ ಇಲ್ಲ. ಅಲ್ಲೇ ಕೆಳಗೆ 'ಎಪಿಐಸಿ ಐಡಿ' ಅಂತ ಒಂದು ಅಂಕಿ ಇರುತ್ತದೆ. ಸಾಮಾನ್ಯವಾಗಿ ಎರಡೆರಡು ಐಡಿಗೆ ಒಂದು ಕೋರ್: 0 ಮತ್ತು 1 ಮೊದಲನೆಯದು, 2 ಮತ್ತು 3 ಎರಡನೆಯದು. ನನ್ನಲ್ಲಿ ಪ್ರತಿ ಸಲವೂ 4. ಅಂದರೆ ಮೂರನೆಯ ಕೋರ್. ಅದೊಂದನ್ನು ಮಾತ್ರ ಮೈನಸ್ 15ಕ್ಕೆ ತಂದೆ, ಆಮೇಲೆ ತಕರಾರಿಲ್ಲ.

ಸಿಪಿಯು ತಾನೇ 'ಒಳ್ಳೆಯದು' ಎಂದು ಗುರುತಿಸಿದ ಕೋರ್‌ಗಳು ಸಾಮಾನ್ಯವಾಗಿ ಕಡಿಮೆ ಕಡಿತ ತಡೆಯುತ್ತವೆ. ಅವು ಅತಿ ಎತ್ತರಕ್ಕೆ ಹಾರುವವು, ಮೊದಲೇ ತುದಿಯಲ್ಲಿ ನಿಂತಿರುತ್ತವೆ. ಒಂದೊಂದೇ ಕೋರನ್ನು ಸರದಿಯಲ್ಲಿ ಪರೀಕ್ಷಿಸಲು ಕೋರ್‌ಸೈಕ್ಲರ್ ಎಂಬ ಉಚಿತ ಸಾಧನ ಇದೆ. ಮಲಗುವ ಮುಂಚೆ ಹಚ್ಚಿಡಿ, ಬೆಳಗ್ಗೆ ತಪ್ಪಿದ ಕೋರ್ ಯಾವುದೆಂದು ತೋರಿಸುತ್ತದೆ.

ರೆಂಡರ್, ಗೇಮ್ ನಡುವೆ ನೀಲಿ ಪರದೆ

ಇದು ಹಿಂದಿನದರ ತಿರುಗುಮುರುಗು. ಭಾರ ಬಿದ್ದಾಗ ವೋಲ್ಟೇಜ್ ಸಾಲುತ್ತಿಲ್ಲ. ನೀಲಿ ಪರದೆಯ ಹೆಸರು ಓದಿ. 'ಕ್ಲಾಕ್ ವಾಚ್‌ಡಾಗ್ ಟೈಮ್‌ಔಟ್' ಅಥವಾ 'ವಿಯಾ ಅನ್‌ಕರೆಕ್ಟಬಲ್ ಎರರ್' ಅಂದರೆ ಬಹಳ ಸಲ ಸಿಪಿಯು ವೋಲ್ಟೇಜ್. 'ಮೆಮೊರಿ ಮ್ಯಾನೇಜ್‌ಮೆಂಟ್' ಅಂದರೆ ಮೊದಲು ರ‍್ಯಾಮ್ ನೋಡಿ, ಮೆಮ್‌ಟೆಸ್ಟ್86 ಒಂದು ರಾತ್ರಿ ಓಡಿಸಿ.

ಸುಲಭದ ಮದ್ದು ವೇಗವನ್ನು 100 ಮೆಗಾಹರ್ಟ್ಸ್ ಇಳಿಸುವುದು. ನಿಂತಿತಾ? ಅಲ್ಲೇ ಬಿಡಿ. 100 ಮೆಗಾಹರ್ಟ್ಸ್‌ನಿಂದ ನನ್ನ ರಾತ್ರಿಯ ರೆಂಡರ್‌ನಲ್ಲಿ ಉಳಿಯುವುದು ಹತ್ತಿಪ್ಪತ್ತು ನಿಮಿಷ, ಆ ಹೊತ್ತಿಗೆ ನಾನು ಹೇಗೂ ಎದ್ದಿರುವುದಿಲ್ಲ. ಇಳಿಸಲು ಮನಸ್ಸಿಲ್ಲದಿದ್ದರೆ ವೋಲ್ಟೇಜನ್ನು 10ರಿಂದ 20 ಮಿಲಿವೋಲ್ಟಿನ ಹೆಜ್ಜೆಯಲ್ಲಿ ಏರಿಸಿ, ಪ್ರತಿ ಹೆಜ್ಜೆಗೂ ಬಿಸಿ ನೋಡಿ. ವೇಗವನ್ನು ಕೈಯಾರೆ ಕೊಟ್ಟು ವೋಲ್ಟೇಜನ್ನು ಆಟೋದಲ್ಲಿ ಬಿಡಬೇಡಿ. ಬೋರ್ಡು ಸೇಫಾಗಿರಲಿ ಎಂದು ಬೇಕಾದ್ದಕ್ಕಿಂತ ಜಾಸ್ತಿ ಸುರಿಯುತ್ತದೆ. ಲೋಡ್‌ಲೈನ್ ಕ್ಯಾಲಿಬ್ರೇಶನ್ (ಭಾರ ಬಿದ್ದಾಗ ವೋಲ್ಟೇಜ್ ಕುಸಿಯದಂತೆ ತಡೆಯುವ ಸೆಟ್ಟಿಂಗ್) ನಡುವಿನ ಹಂತದಲ್ಲಿರಲಿ. ಕೊನೆಯ ಹಂತಕ್ಕೆ ಒಯ್ದರೆ ಭಾರ ಇಳಿದ ಕ್ಷಣ ವೋಲ್ಟೇಜ್ ಮೇಲಕ್ಕೆ ಚಿಮ್ಮುತ್ತದೆ.

ಡಿಫಾಲ್ಟ್‌ನಲ್ಲಿ ರೈಜನ್ ಹಗುರ ಕೆಲಸಕ್ಕೆ ಕ್ಷಣಕಾಲ 1.4 ದಾಟುವುದನ್ನು ನೋಡಿ 'ನಾನೂ 1.4 ಕೊಡಬಹುದು' ಅಂತ ಲೆಕ್ಕ ಹಾಕಬೇಡಿ. ಒಂದು ಕೋರಿಗೆ ಒಂದು ಕ್ಷಣ ಕೊಡುವುದು ಬೇರೆ, ಎಲ್ಲ ಕೋರಿಗೆ ರಾತ್ರಿಯಿಡೀ ಕೊಡುವುದು ಬೇರೆ.

ಬಿಸಿ ಏರುತ್ತದೆ, ಫ್ಯಾನ್ ಅರಚುತ್ತದೆ

ಕೋಣೆಯ ಬಿಸಿ ಒಂದು ಡಿಗ್ರಿ ಏರಿದರೆ ಸಿಪಿಯುವಿನದೂ ಹೆಚ್ಚು ಕಡಿಮೆ ಒಂದು ಡಿಗ್ರಿ ಏರುತ್ತದೆ. ಹಾಗಾಗಿ ನೋಡಬೇಕಾದದ್ದು ಎರಡರ ಅಂತರ. ಡಿಸೆಂಬರ್‌ನಲ್ಲಿ ಕೋಣೆ 25, ಪೂರ್ತಿ ಭಾರದಲ್ಲಿ ಸಿಪಿಯು 78 ಅಂದರೆ ಅಂತರ 53. ಏಪ್ರಿಲ್‌ನಲ್ಲಿ ಉಪ್ಪರಿಗೆ 35 ಇದ್ದು ಸಿಪಿಯು 88 ತೋರಿಸಿದರೆ ಅಂತರ ಅಷ್ಟೇ, ಕೂಲರ್ ಚೆನ್ನಾಗಿದೆ, ಬರೀ ಸೆಕೆ. 95 ತೋರಿಸಿದರೆ ಏಳು ಡಿಗ್ರಿ ಎಲ್ಲಿಂದ ಬಂತು ಎಂದು ಹುಡುಕಬೇಕು. ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಉಪಯೋಗಕ್ಕೆ ಬರುವುದು ಇಲ್ಲಿಯೇ.

ಹೇಗೆ ಏರುತ್ತದೆ ಎಂಬುದೂ ಸುಳಿವು. ಭಾರ ಕೊಟ್ಟ ಎರಡು ಮೂರು ಸೆಕೆಂಡಿನಲ್ಲಿ ಮಿತಿಗೆ ಹಾರಿದರೆ ಕೂಲರ್ ಸಿಪಿಯುವಿಗೆ ಸರಿಯಾಗಿ ಕೂತಿಲ್ಲ, ಪೇಸ್ಟ್ ಒಣಗಿದೆ, ಅಥವಾ ನೀರಿನ ಕೂಲರ್ ಆದರೆ ಪಂಪ್ ನಿಂತಿದೆ. ಹೊಸ ಕೂಲರ್ ಆದರೆ ತಳದ ಪ್ಲಾಸ್ಟಿಕ್ ಸ್ಟಿಕ್ಕರ್ ತೆಗೆದಿದ್ದೀರಾ? ನಗಬೇಡಿ, ಅದು ನಡೆಯುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ನಿಧಾನವಾಗಿ ಏರಿದರೆ ಗಾಳಿ ಸಾಲುತ್ತಿಲ್ಲ. ಪಕ್ಕದ ಮುಚ್ಚಳ ತೆಗೆದು ನೋಡಿ. ಐದು ಡಿಗ್ರಿಗಿಂತ ಜಾಸ್ತಿ ಇಳಿದರೆ ಕ್ಯಾಬಿನೆಟ್ಟಿನ ಗಾಳಿದಾರಿ ಕಟ್ಟಿದೆ.

ನಮ್ಮ ಕಡೆಯ ಧೂಳು ಮುರಕಲ್ಲಿನ ಕೆಂಪು ಧೂಳು. ಅಡಿಕೆ ಸುಲಿಯುವ ಕಾಲದಲ್ಲಿ ಸಿಪ್ಪೆಯ ನಾರೂ ಸೇರುತ್ತದೆ. ಒಣ ಬ್ರಷ್‌ನಿಂದ ಬಿಡಿಸಿ, ಬ್ಲೋವರ್ ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಹಿಂದಿನ ಪೋರ್ಟ್‌ಗಳಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದೆಯಾ, ಒಳಗೆ ಹಲ್ಲಿ ಮೊಟ್ಟೆ ಇಟ್ಟಿದೆಯಾ ಅಂತಲೂ ಒಮ್ಮೆ ಇಣುಕಿ. ಮಳೆಗಾಲದಲ್ಲಿ ವಾರಗಟ್ಟಲೆ ಬಂದ್ ಇಡದೆ ದಿನಕ್ಕೊಂದು ಗಂಟೆ ಓಡಿಸಿದರೆ ಒಳಗೆ ಥಂಡಿ ಹಿಡಿಯುವುದಿಲ್ಲ.

ರೈಜನ್ 7000 ಸರಣಿಯ ಎಕ್ಸ್ ಮಾದರಿಗಳು ಭಾರದಲ್ಲಿ 95 ಡಿಗ್ರಿಗೆ ಹೋಗಿ ಅಲ್ಲೇ ನಿಲ್ಲುವಂತೆ ಮಾಡಿದವು, ಅದು ದೋಷ ಅಲ್ಲ. ಇಂಟೆಲ್‌ನಲ್ಲಿ ಬಹಳಷ್ಟಕ್ಕೆ 100 ಮಿತಿ. ಮುಟ್ಟಿದರೆ ಸುಟ್ಟುಹೋಗುವುದಿಲ್ಲ, ವೇಗ ಇಳಿಸಿಕೊಳ್ಳುತ್ತದೆ. ಆದರೆ ಓವರ್‌ಕ್ಲಾಕ್ ಮಾಡಿ ಅದು ವೇಗ ಇಳಿಸಿಕೊಂಡರೆ ನಾವು ಮಾಡಿದ್ದೇನು? ಏಪ್ರಿಲ್, ಮೇ ಎರಡು ತಿಂಗಳು ನಾನು ಓವರ್‌ಕ್ಲಾಕ್ ತೆಗೆದು, ಕಡಿಮೆ ಕರೆಂಟಿನಲ್ಲಿ ಓಡುವ ಇಕೋ ಮೋಡ್‌ಗೆ ಹಾಕುತ್ತೇನೆ. ಮಳೆ ಹಿಡಿದ ಮೇಲೆ ವಾಪಸ್.

ಬಿಸಿ ಕಡಿಮೆ, ಗಿಗಾಹರ್ಟ್ಸ್ ಅಷ್ಟೇ, ಕೆಲಸ ಮಾತ್ರ ನಿಧಾನ

ರೈಜನ್‌ನಲ್ಲಿ ವೋಲ್ಟೇಜ್ ತೀರಾ ಇಳಿಸಿದರೆ ಕೆಲವೊಮ್ಮೆ ಅದು ಬೀಳುವುದಿಲ್ಲ, ಗಡಿಯಾರದ ಏಟುಗಳನ್ನು ಉದ್ದ ಮಾಡಿಕೊಂಡು ಬಚಾವಾಗುತ್ತದೆ. ಎಚ್‌ಡಬ್ಲ್ಯು ಇನ್ಫೋ ಎಂಬ ಪ್ರೋಗ್ರಾಂನಲ್ಲಿ 'ಎಫೆಕ್ಟಿವ್ ಕ್ಲಾಕ್', ಅಂದರೆ ನಿಜವಾದ ವೇಗ ನೋಡಿ. ಪೂರ್ತಿ ಭಾರದಲ್ಲಿ ಅದು ತೋರಿಕೆಯ ವೇಗಕ್ಕಿಂತ ನೂರಾರು ಮೆಗಾಹರ್ಟ್ಸ್ ಕೆಳಗಿದ್ದರೆ ಸ್ವಲ್ಪ ವೋಲ್ಟೇಜ್ ವಾಪಸ್ ಕೊಡಿ. ಸಿನೆಬೆಂಚ್ ಅಂಕ ಏರಿದರೆ ಅದೇ ಕಾರಣ.

ಜಿಪ್ ತೆರೆಯುವುದಿಲ್ಲ, ಫೈಲ್ ಹಾಳು

ರೀಸ್ಟಾರ್ಟ್ ಆಗುವುದು ಒಳ್ಳೆಯದು ಅನಿಸುವ ಲಕ್ಷಣ ಇದು. ಸಿಪಿಯು ಅಥವಾ ರ‍್ಯಾಮ್ ತಪ್ಪು ಬರೆಯುತ್ತಿದೆ, ಬೀಳುತ್ತಿಲ್ಲ. ಅದೇ ಕ್ಷಣ ಡಿಫಾಲ್ಟ್‌ಗೆ ಬನ್ನಿ. ಬ್ಯಾಕಪ್ ಇದ್ದ ಡಿಸ್ಕನ್ನು ಆ ಕಂಪ್ಯೂಟರಿಗೆ ಚುಚ್ಚಬೇಡಿ, ಹಾಳಾದ ಫೈಲು ಒಳ್ಳೆಯದರ ಮೇಲೆ ಕೂತೀತು.

ಎರಡು ವರ್ಷ ನಡೆದ ಸೆಟ್ಟಿಂಗ್ ಈಗ ನಡೆಯುವುದಿಲ್ಲ

ಧೂಳು, ಪೇಸ್ಟ್ ನೋಡಿ ಆಯಿತು, ಆದರೂ ಅದೇ ವೇಗಕ್ಕೆ ಮೊದಲಿಗಿಂತ ಜಾಸ್ತಿ ವೋಲ್ಟೇಜ್ ಬೇಕಾಗುತ್ತಿದೆ ಅಂದರೆ ಸಿಪಿಯು ಸವೆದಿದೆ. ಜಾಸ್ತಿ ವೋಲ್ಟೇಜ್ ಮತ್ತು ಬಿಸಿ ಸೇರಿದರೆ ಸವೆತ ಬೇಗ.

ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಸಿಪಿಯು ಇದ್ದರೆ ಓವರ್‌ಕ್ಲಾಕ್ ಮಾಡದೆಯೂ ಇದು ಆಗಬಹುದು. ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಹೋಗುತ್ತಿದೆ ಎಂದು ಕಂಪನಿಯೇ 2024ರಲ್ಲಿ ಹೇಳಿ, ಆ ವರ್ಷದ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಮೈಕ್ರೋಕೋಡ್ (ಬಯಾಸ್ ಮೂಲಕ ಸಿಪಿಯುವಿಗೆ ಹೋಗುವ ಒಳಗಿನ ಪ್ರೋಗ್ರಾಂ) ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಗೇಮ್ ತೆರೆಯುವಾಗ 'ವಿಡಿಯೋ ಮೆಮೊರಿ ಸಾಲದು' ಅಂತ ಸುಳ್ಳು ಸಂದೇಶ ಬರುವುದು ಇದರ ಒಂದು ಗುರುತು. ಬಯಾಸ್ ಅಪ್‌ಡೇಟ್ ಮುಂದಿನ ಹಾನಿ ತಡೆಯುತ್ತದೆ, ಆದ ಹಾನಿ ಸರಿಮಾಡುವುದಿಲ್ಲ. ಅಪ್‌ಡೇಟ್ ಮಾಡುವಾಗ ಕರೆಂಟು ಹೋದರೆ ಬೋರ್ಡೇ ಹೋದೀತು. ಹಾಗಾಗಿ ಗುಡುಗು ಮೋಡ ಇರುವ ಸಂಜೆ ಬೇಡವೇ ಬೇಡ.

ಬಯಾಸ್ ಹೊಸದು ಮಾಡಿದ ಮೇಲೆ ಅಂಡರ್‌ವೋಲ್ಟ್ ಆಯ್ಕೆಯೇ ಮಾಯವಾದರೆ ಗಾಬರಿ ಬೇಡ. 2019ರಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಹೊರಬಿದ್ದ ಮೇಲೆ ಇಂಟೆಲ್ ಕಡೆ ಅದಕ್ಕೆ ಬೀಗ ಬಿದ್ದಿದೆ. ಕೆಲವು ಬೋರ್ಡುಗಳಲ್ಲಿ 'ಅಂಡರ್‌ವೋಲ್ಟ್ ಪ್ರೊಟೆಕ್ಷನ್' ಎಂಬಲ್ಲಿ ತೆಗೆಯಬಹುದು.

ಪಂಪು ಹಾಕಿದಾಗ, ಕರೆಂಟು ಹೋದಾಗ ಬಂದ್

ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡುವ ಹೊತ್ತಿಗೆ ಎಲ್ಲ ಮನೆಯ ಪಂಪೂ ಒಟ್ಟಿಗೆ ಎದ್ದೇಳುತ್ತದೆ. ಬಲ್ಬ್ ಮಂಕಾಗುತ್ತದೆ, ಅದೇ ಕ್ಷಣ ಕಂಪ್ಯೂಟರ್ ರೀಸ್ಟಾರ್ಟ್. ನಾನು ವಾರವಿಡೀ ಹೊತ್ತು ಬರೆದಿಟ್ಟೆ: 6.10, 6.05, 6.15. ಸಿಪಿಯುವಿಗೆ ಗಡಿಯಾರ ನೋಡಿ ಕೆಡುವ ಅಭ್ಯಾಸ ಇಲ್ಲ ಅಲ್ವಾ!

ನಿಮ್ಮ ಎಸ್‌ಎಂಪಿಎಸ್ (ಕಂಪ್ಯೂಟರಿನ ಒಳಗೆ ಎಲ್ಲದಕ್ಕೂ ಕರೆಂಟು ಹಂಚುವ ಡಬ್ಬ) ಮೇಲಿನ ಚೀಟಿ ಓದಿ. 100ರಿಂದ 240 ವೋಲ್ಟ್ ಅಂತ ಇದ್ದರೆ 170ಕ್ಕೆ ಇಳಿದರೂ ತಡೆಯುತ್ತದೆ. 200ರಿಂದ 240 ಅಂತ ಇದ್ದರೆ ಇಲ್ಲ. ಮನೆಯ ಇನ್ವರ್ಟರಿನಲ್ಲಿದ್ದರೆ ಅದರ ಹಿಂದೆ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಅಂತ ಸ್ವಿಚ್ ಇದೆಯಾ ನೋಡಿ. ಒಳ್ಳೆಯ ಎಸ್‌ಎಂಪಿಎಸ್ ಪೂರ್ತಿ ಭಾರದಲ್ಲಿ ಸುಮಾರು 16 ಮಿಲಿಸೆಕೆಂಡ್ ಕರೆಂಟಿಲ್ಲದೆ ತಡೆದೀತು. ನಾರ್ಮಲ್ ಮೋಡ್ ಬದಲಾಗಲು ಅದಕ್ಕಿಂತ ಜಾಸ್ತಿ ಹೊತ್ತು ತೆಗೆದುಕೊಳ್ಳಬಹುದು. ಓವರ್‌ಕ್ಲಾಕ್ ನಿಜವಾಗಿ ಪಾಲುದಾರ ಆಗುವುದು ಇಲ್ಲಿ: ಭಾರ ಹೆಚ್ಚಾದಷ್ಟು ಎಸ್‌ಎಂಪಿಎಸ್ ತಡೆಯುವ ಹೊತ್ತು ಕಡಿಮೆ. ಹಾಗಾಗಿ ಕರೆಂಟು ಹೋದಾಗ ಪೇಪರ್ ಓದುತ್ತಿದ್ದರೆ ಉಳಿಯುತ್ತದೆ, ರೆಂಡರ್ ನಡೆಯುತ್ತಿದ್ದರೆ ಬೀಳುತ್ತದೆ. ನಾನು ಸ್ವಿಚ್ಚನ್ನು ಯುಪಿಎಸ್ ಕಡೆ ಸರಿಸಿದೆ, ಖರ್ಚು ಸೊನ್ನೆ.

ಸಿಡಿಲಿನ ಕಾಲದಲ್ಲಿ ಪ್ಲಗ್ ಮಾತ್ರ ಅಲ್ಲ, ನೆಟ್ ಕೇಬಲ್ ಕೂಡ ಕೀಳಿ. ಎಸ್‌ಎಂಪಿಎಸ್ ಸುಟ್ಟ ವಾಸನೆ ಬಂದರೆ, ಒಳಗೆ ಚಟ್ ಅಂತ ಸದ್ದಾದರೆ, ಮತ್ತೆ ಆನ್ ಮಾಡಬೇಡಿ. ಅದನ್ನು ಬಿಚ್ಚಲೂ ಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್ ಒದೆಯುತ್ತದೆ. ರಿಪೇರಿಗೆ ಮಂಗಳೂರಿಗೋ ಕಾಸರಗೋಡಿಗೋ ಒಯ್ಯುವುದಾದರೆ ಸೆಟ್ಟಿಂಗ್ ಏನಿತ್ತು ಎಂಬ ಫೋಟೋ, ಎಪಿಐಸಿ ಐಡಿ ಬರೆದ ಪುಟ ಜೊತೆಗಿರಲಿ. ಓವರ್‌ಕ್ಲಾಕ್ ಮಾಡಿದ್ದನ್ನು ಮುಚ್ಚಿಡಬೇಡಿ, ಅವರ ಹೊತ್ತೂ ನಿಮ್ಮ ದುಡ್ಡೂ ಹಾಳು.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ

ಇಲ್ಲಿ ಎಲ್ಲ ಪರೀಕ್ಷೆಯೂ ನಿಲ್ಲಬೇಕು. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳು ಕ್ಯಾಬಿನೆಟ್ಟಿಗೆ ಜೋಡಿಸಿಕೊಂಡಿರುತ್ತವೆ. ಅರ್ಥ್ ಇಲ್ಲದಿದ್ದರೆ ಆ ತಗಡು 230ರ ಅರ್ಧದಷ್ಟು ವೋಲ್ಟಿನಲ್ಲಿ ತೇಲುತ್ತದೆ. ಬರಿಗಾಲಲ್ಲಿ ಸಿಮೆಂಟ್ ನೆಲದ ಮೇಲೆ ನಿಂತವನಿಗೆ ಜುಮ್ ಅನ್ನುವುದು ಅದೇ. ಕರೆಂಟು ಚಿಕ್ಕದು, ಆದರೆ ಅರ್ಥ್ ಇಲ್ಲ ಎಂಬ ಸುದ್ದಿ ಚಿಕ್ಕದಲ್ಲ. ನಾಳೆ ಒಳಗೆ ನಿಜವಾದ ಶಾರ್ಟ್ ಆದರೆ ಅದು ಹೋಗುವ ದಾರಿ ನೀವೇ.

ನಮ್ಮ ಮನೆಯಲ್ಲಿ ಮಾರ್ಚ್ ಕಳೆದ ಮೇಲೆ ಮಾತ್ರ ಜುಮ್ ಅನ್ನುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಟೆಸ್ಟರ್ ಹಿಡಿದರೆ ಕ್ಯಾಬಿನೆಟ್ಟಿನ ಸ್ಕ್ರೂಗೆ ದೀಪ ಹತ್ತಿತು. ಅರ್ಥ್ ತಂತಿ ತುಂಡಾಗಿರಲಿಲ್ಲ. ಮುರಕಲ್ಲಿನ ಗುಂಡಿ ಬೇಸಿಗೆಗೆ ಕಾದು ಒಣಗಿ, ಅರ್ಥ್ ಇದ್ದೂ ಇಲ್ಲದಂತೆ ಆಗಿತ್ತು. ಗುಂಡಿ ತೋಡಿಸಿ, ಇದ್ದಲು ಉಪ್ಪು ತುಂಬಿಸಿ, ಮೀಟರ್ ಪಕ್ಕ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಿಸಿದೆವು. ಈಗ ಬೇಸಿಗೆಯಲ್ಲಿ ತುಳಸಿಗೆ ನೀರು ಹಾಕುವಾಗ ಒಂದು ಕೊಡ ಅರ್ಥ್ ಗುಂಡಿಗೂ ಹೋಗುತ್ತದೆ.